ರಾಮಕ್ಕನನ್ನು ನೆರಳಿನಲ್ಲಿಟ್ಟ ಎರಡೂವರೆ ವರ್ಷ

ಕೆಂಗೇರಿ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವವರನ್ನು ಯಾರನ್ನೇ ಕೇಳಿ, ನನ್ನ ತಂಗಿ ರಾಮಕ್ಕನ ಕೈಗುಣದ ಮಾತು ಎತ್ತುತ್ತಾರೆ. ಹುಳುಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿಯೇ "ಆ ಮೂಲೆ ತಟ್ಟೆಗೆ ಸೊಪ್ಪು ಸಾಲದು" ಎನ್ನುತ್ತಿದ್ದಳು. ಹೋಗಿ ನೋಡಿದರೆ ಆ ತಟ್ಟೆಯಲ್ಲಿ ಬರಿಯ ಕಡ್ಡಿ ಉಳಿದಿರುತ್ತಿತ್ತು. ನಲವತ್ತು ತಟ್ಟೆಗಳ ಹುಳು ಒಟ್ಟಿಗೆ ಮೇಯುವಾಗ ನನಗೆ ಕೇಳುತ್ತಿದ್ದದ್ದು ಒಂದೇ ಸದ್ದು. ಅವಳಿಗೆ ನಲವತ್ತೂ ಬೇರೆ ಬೇರೆ ಕೇಳುತ್ತಿದ್ದವು.

ಅವಳು ಓದಿದವಳಲ್ಲ. ಓದಿದವನು ನಾನು. ಅದೂ ಯಾವ ಮೇಷ್ಟರ ಮುಂದೆ ಕೈಕಟ್ಟಿ ಕೂತು ಕಲಿತದ್ದಲ್ಲ. ಬೆಲ್ಲ ಕಟ್ಟಿಕೊಂಡು ಬಂದ ಕಾಗದ, ಪಂಚಾಂಗ, ರಸ್ತೆಯ ಮೈಲಿಗಲ್ಲು, ರೇಷ್ಮೆ ಇಲಾಖೆಯವರು ಹಂಚಿದ ಕರಪತ್ರ, ಇವೇ ನನ್ನ ಮಠ. ಮೀಸೆ ಬಲಿಯುವ ಹೊತ್ತಿಗೆ ಊರಿನ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು. ಯಾರಿಗೆ ಜ್ವರ ಬಂದರೂ, ಯಾರ ಎಮ್ಮೆ ಕರು ಹಾಕಲು ತಿಣುಕಿದರೂ "ಕೃಷ್ಣಯ್ಯನವರನ್ನ ಒಂದ್ ಮಾತು ಕೇಳಿ" ಎನ್ನುತ್ತಿದ್ದರು. ಆ ಮಾತು ನನಗೆ ಪಾಯಸದಷ್ಟು ರುಚಿಯಾಗಿತ್ತು. ಈಗ ಬರೆಯುತ್ತಿರುವುದು ಆ ರುಚಿ ನನ್ನ ತಂಗಿಯ ಮೈಯಲ್ಲಿ ಏನು ಮಾಡಿತು ಎಂಬುದನ್ನು.

ರಾಮಕ್ಕನನ್ನು ನಮ್ಮೂರಲ್ಲೇ, ಸೋದರಮಾವನ ಮಗ ಅಂಜಿನಯ್ಯನಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ. ಅಂಜಿನಯ್ಯ ಒಂದು ಜೊತೆ ಎತ್ತಿನ ಗಾಡಿ ಇಟ್ಟುಕೊಂಡು, ಆಗ ತಾನೇ ಅಳೆದು ಬೀದಿ ಬಿಡುತ್ತಿದ್ದ ರಾಜಾಜಿನಗರಕ್ಕೆ ಕಲ್ಲು, ಮರಳು ಹೊಡೆಯುತ್ತಿದ್ದ. ಸೋಮವಾರ ಹೋದರೆ ಶನಿವಾರ ಬರುತ್ತಿದ್ದ. ಗಂಡನಿಲ್ಲದ ಆರು ದಿನವೂ ರಾಮಕ್ಕ ನಮ್ಮ ಮನೆಯವಳೇ, ನನ್ನ ಹುಳುಮನೆಯ ಯಜಮಾನಿ. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಅವಳು ತೋಟದಿಂದ ಬರುತ್ತಿದ್ದರೆ, ಹೊರೆಯೇ ನಡೆದು ಬರುತ್ತಿದೆಯೇನೋ ಎನ್ನುವ ಹಾಗೆ ನೆಟ್ಟಗೆ, ಬೀಸು ಹೆಜ್ಜೆ ಹಾಕುತ್ತಿದ್ದಳು.

ಐವತ್ತೆರಡನೇ ಇಸವಿಯ ದೀಪಾವಳಿ ಕಳೆದ ಮೇಲೆ ಅವಳ ಕೈ ನಡುಗಲು ಶುರುವಾಯಿತು. ತಟ್ಟೆ ಎತ್ತಿದರೆ ಹುಳು ಉದುರುತ್ತಿದ್ದವು.

"ಏನೇ ರಾಮಕ್ಕ, ಹುಳನೆಲ್ಲ ನೆಲಕ್ಕೆ ಬಿತ್ತನೆ ಮಾಡ್ತಿದೀಯಲ್ಲ, ಏನಾಯ್ತೇ ಕೈಗೆ?" ಎಂದು ನನ್ನ ಹೆಂಡತಿ ಲಿಂಗಮ್ಮ ಕೇಳಿದಳು.

"ಗೊತ್ತಿಲ್ಲ ಕಣತ್ತಿಗೆ. ಎದೆ ಒಳಗೆ ಯಾರೋ ರಾಗಿ ಬೀಸಿದಂಗಾಗ್ತದೆ. ಕೂತ್ರೂ ನಿಲ್ಲಕಿಲ್ಲ, ಮಲಗಿದ್ರೂ ನಿಲ್ಲಕಿಲ್ಲ."

ಪುಷ್ಯದ ಚಳಿಯಲ್ಲಿ ನಾವೆಲ್ಲ ಕಂಬಳಿ ಹೊದ್ದು ಕೂತರೆ ಅವಳು ಬೆವರುತ್ತಿದ್ದಳು. ಮೂರು ಮುದ್ದೆ ಉಂಡರೂ ಹಸಿವು ಆರುತ್ತಿರಲಿಲ್ಲ, ಮೈ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಗಂಟಲಿನ ಮುಂದೆ ಒಂದು ನಿಂಬೆಹಣ್ಣಿನಷ್ಟು ಊತ ಬಂತು. ಕಣ್ಣುಗಳು ದೊಡ್ಡದಾಗಿ, ಬೆದರಿದ ಹಸುವಿನ ಕಣ್ಣಿನ ಹಾಗೆ ಮುಂದಕ್ಕೆ ಬಂದವು. ಬಾವಿ ಕಟ್ಟೆಯಲ್ಲಿ ಹೆಂಗಸರ ನಾಲಿಗೆಗೆ ಕೆಲಸ ಸಿಕ್ಕಿತು.

"ಅವ್ಳ ಕಣ್ಣು ನೋಡ್ರೇ, ಮಗ ಎತ್ಕೊಂಡು ಅವ್ಳ ಮುಂದೆ ಹೋಗ್ಬೇಡ್ರೇ."

"ತಿನ್ನೋದು ಮೂರಾಳಿಂದು, ಮೈ ನೋಡಿದ್ರೆ ಬೇಲಿ ಗೂಟ. ಒಳಗೆ ಇನ್ನೊಬ್ಬಳು ಕೂತವಳೆ ಕಣೇ, ಅವಳು ತಿಂತಾವಳೆ."

ಮಾಗಡಿ ಕಡೆಯಿಂದ ಗಾಳಿ ಬಿಡಿಸುವವನನ್ನು ಕರೆಸುವ ಮಾತು ಎದ್ದಿತು. ನಾನು ಊರ ಮುಂದಿನ ಕಟ್ಟೆಯ ಮೇಲೆ ನಿಂತು ಗುಡುಗಿದೆ. "ಗಾಳಿಯೂ ಇಲ್ಲ, ಗೀಳಿಯೂ ಇಲ್ಲ. ನನ್ನ ತಂಗಿ ಮೈಮೇಲೆ ಬೇವಿನ ಕೋಲು ಎತ್ತಿದವನ ಕೈ ಮುರಿತೀನಿ. ಇದು ಉಷ್ಣ. ಮೈಯೊಳಗೆ ಕಾವು ಏರಿದೆ, ಅಷ್ಟೇ." ಊರು ಬಾಯಿ ಮುಚ್ಚಿತು. ಬೆನ್ನ ಹಿಂದೆ ಯಾರೋ "ಓದಿದೋರು ಓದಿದೋರೇ" ಎಂದದ್ದು ನನ್ನ ಕಿವಿಗೆ ಬಿತ್ತು. ಅಷ್ಟು ಸಾಕಾಯಿತು ನನಗೆ.

ನನ್ನ ಲೆಕ್ಕಾಚಾರ ಹೀಗಿತ್ತು. ಬೇಸಿಗೆಯ ಕಾವು ತಗುಲಿದ ರೇಷ್ಮೆ ಹುಳು ಮೇಯುತ್ತದೆ, ಬೆಳೆಯುವುದಿಲ್ಲ. ನೀರಾಗಿ ಹಿಕ್ಕೆ ಹಾಕುತ್ತದೆ, ಬಾಡಿ ಜೋಲುತ್ತದೆ. ಅದಕ್ಕೆ ನಾವು ಸಪ್ಪೆ ರೋಗ ಎನ್ನುತ್ತೇವೆ. ಎರಡು ಸಲ ಊರಿನವರ ಬೆಳೆಯೆಲ್ಲ ಆ ರೋಗಕ್ಕೆ ಹೋದಾಗ, ನನ್ನ ಬೆಳೆ ಮಾತ್ರ ಉಳಿದಿತ್ತು. ಕರಪತ್ರದಲ್ಲಿ ಹೇಳಿದ ಹಾಗೆ ಕಿಟಕಿಗಳಿಗೆ ಗೋಣಿತಾಟು ಕಟ್ಟಿ, ಅದಕ್ಕೆ ಹೊತ್ತು ಹೊತ್ತಿಗೆ ನೀರು ಚಿಮುಕಿಸಿ, ಬಿಸಿಲಿನ ಒಂದು ಗೆರೆಯೂ ಒಳಗೆ ಬೀಳದಂತೆ ಮಾಡಿ ಉಳಿಸಿದ್ದೆ. ರಾಮಕ್ಕನ ಮೈಯ ಗುರುತುಗಳೂ ಹುಳುವಿನ ಗುರುತುಗಳೂ ನನಗೆ ಒಂದೇ ಆಗಿ ಕಂಡವು. ಹುಳುವನ್ನು ಉಳಿಸಿದ್ದು ತಂಗಿಯನ್ನೂ ಉಳಿಸುತ್ತದೆ ಎಂದುಕೊಂಡೆ.

ಐವತ್ತಮೂರರ ಯುಗಾದಿಯ ಮಾರನೇ ದಿನದಿಂದ ಅವಳಿಗೆ ಬಿಸಿಲು ಬಂದ್ ಮಾಡಿದೆ. ಸೊಪ್ಪು ಕುಯ್ಯುವುದು, ನೀರು ತರುವುದು ಎಲ್ಲ ಲಿಂಗಮ್ಮನಿಗೆ. ರಾಮಕ್ಕ ಹಗಲೆಲ್ಲ ಹುಳುಮನೆಯ ಒಳಗೆ, ಹೊತ್ತು ಮುಳುಗಿದ ಮೇಲೆ ನಡುಮನೆಯಲ್ಲಿ. ಊಟಕ್ಕೂ ನನ್ನದೇ ಕಟ್ಟು. ಮೈಗೆ ಉಷ್ಣವೆಂದು ಎಳ್ಳು, ಹುರುಳಿ, ನುಗ್ಗೆಸೊಪ್ಪು, ಮೊಟ್ಟೆ, ಒಣಮೀನು ಬಿಡಿಸಿದೆ. ಬಿಸಿ ಮುದ್ದೆಯೂ ಬೇಡವೆಂದೆ. ಗಂಟಲಿನ ಊತ ಕಫದ್ದೆಂದು ಹಾಲು, ಮೊಸರು, ಮಜ್ಜಿಗೆಯನ್ನೂ ಕಿತ್ತುಕೊಂಡೆ. ಮೈಗೊಂದು ರೋಗ, ಗಂಟಲಿಗೊಂದು ರೋಗ, ಎರಡಕ್ಕೂ ನಾನೇ ಪಂಡಿತ. ಉಳಿದದ್ದು ಅಕ್ಕಿ ಗಂಜಿ, ಸೌತೆಕಾಯಿ, ಬೂದುಗುಂಬಳ.

ಲಿಂಗಮ್ಮ ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು. "ಹುಳ ನಾಲ್ಕು ಜ್ವರ ಕಳೆದ್ರೆ ಗೂಡು ಕಟ್ತದೆ. ನಿಮ್ ತಂಗಿ ಏನ್ ಕಟ್ಲಿ ಅಂತ ಕತ್ಲಲ್ಲಿ ಕೂರ್ಸಿದೀರಿ?" ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ.

"ನಿಂಗೇನೇ ಗೊತ್ತು? ಬಾಯ್ ಮುಚ್ಕೊಂಡು ಸೊಪ್ಪು ಕುಯ್ಕೊಂಡ್ ಬಾ."

"ನಂಗೇನೂ ಗೊತ್ತಿಲ್ಲ ಬಿಡಿ. ಆದ್ರೆ ಕುಂಬಳಕಾಯಿಗೂ ಬಿಸಿಲು ಬೇಕು ಅನ್ನೋದು ಗೊತ್ತು."

ಆದರೆ ಮೊದಲ ಒಂದು ಬೇಸಿಗೆ ನನ್ನ ಮಾತೇ ಗೆದ್ದ ಹಾಗೆ ಕಂಡಿತು. ಹುಳುಮನೆಯ ತಂಪಿನಲ್ಲಿ ರಾಮಕ್ಕನಿಗೆ ಬೆವರು ಕಡಿಮೆಯಾಯಿತು. "ಹಾಯಾಗದೆ ಅಣ್ಣಯ್ಯ" ಎಂದಳು. ನಾನು ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದೆ. ಅಂಜಿನಯ್ಯ ಶನಿವಾರ ಬಂದವನು ಹುಳುಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿ, "ನೀವ್ ನೋಡ್ಕೋತಿದೀರಿ, ನಂಗೇನು ಯೋಚ್ನೆ ಇಲ್ಲ ಭಾವ" ಎಂದು ಹೋಗುತ್ತಿದ್ದ.

ಎರಡನೇ ವರ್ಷ ಅವಳ ಸೊಂಟ ನೋಯತೊಡಗಿತು. ಕೂತರೆ ಗೋಡೆ ಹಿಡಿಯದೆ ಏಳಲಾರಳು. ಆ ಬೀಸು ಹೆಜ್ಜೆ ಹೋಗಿ ಬಾತುಕೋಳಿಯ ಹಾಗೆ ಅತ್ತಿತ್ತ ವಾಲುತ್ತ ನಡೆಯುವಂತಾದಳು. ಮೊಣಕಾಲಿನ ಕೆಳಗೆ ಬೆರಳಿಟ್ಟರೆ ಮುಖ ಹಿಂಡುತ್ತಿದ್ದಳು. ನಾನು ವಾತವೆಂದು ಎಣ್ಣೆ ಕಾಯಿಸಿ ಕೊಟ್ಟೆ. ಒಂದು ಬೆಳಿಗ್ಗೆ ಅವಳು ಬಾಗಿಲ ಹೊಸ್ತಿಲಲ್ಲಿ ನಿಂತು ಹೊರಗೆ ನೋಡುತ್ತ, "ಅಣ್ಣಯ್ಯ, ಒಂದ್ ಗಳಿಗೆ ಕಣದಲ್ಲಿ ಕೂತ್ಕೋಳಾ ಅನ್ನಿಸ್ತದೆ" ಎಂದಳು.

"ಬೇಡ ಕಣವ್ವಾ. ಇಷ್ಟು ದಿನ ಕಟ್ಟಿದ್ದು ಕೆಡ್ತದೆ."

ಮತ್ತೆ ಅವಳು ಕೇಳಲಿಲ್ಲ.

ಐವತ್ತೈದರ ದಸರೆಗೆ ಮುಂಚೆ ಹುಳು ಮೇದು ಮುಗಿಸಿ ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ಅದು ಒಂದೇ ಉಸಿರಿನಲ್ಲಿ ಆಗಬೇಕಾದ ಕೆಲಸ. ಕೂತು ಆರಿಸುತ್ತಿದ್ದ ರಾಮಕ್ಕ ಏಳಲೆಂದು ಎಡಗೈಯನ್ನು ನೆಲಕ್ಕೆ ಊರಿದಳು. ಒಣಗಿದ ಕಡ್ಡಿ ಮುರಿದಂಥ ಸದ್ದು ಬಂತು. ಅವಳು ಬಿದ್ದಿರಲಿಲ್ಲ, ಎಡವಿರಲಿಲ್ಲ. ಮಣಿಕಟ್ಟಿನ ಮೇಲೆ ಕೈ ಸೊಟ್ಟಗಾಗಿ ನೇತಾಡುತ್ತಿತ್ತು. ಅವಳು ಕೂಗಲಿಲ್ಲ. ಬಲಗೈಯಲ್ಲಿದ್ದ ಹುಳುವನ್ನು ನಿಧಾನವಾಗಿ ತಟ್ಟೆಗೆ ಬಿಟ್ಟು, "ಅಣ್ಣಯ್ಯ, ಕೈ ಹೋಯ್ತು" ಎಂದಳು.

ಕೆಂಗೇರಿಯಲ್ಲಿ ಮೂಳೆ ಕಟ್ಟುವ ರೇವಣಸಿದ್ದಯ್ಯನವರಿದ್ದರು. ಬಡಗಣ ಸೀಮೆಯಿಂದ ಬಂದು ನೆಲೆಸಿದ ಮುದುಕರು. ಕೈ ಮುಟ್ಟಿದವರು ಅಲ್ಲಿಗೆ ನಿಲ್ಲಿಸಲಿಲ್ಲ. ತೋಳು, ಭುಜ, ಮೊಣಕಾಲ ಕೆಳಗಿನ ಎಲುಬು, ಒಂದೊಂದನ್ನೇ ಒತ್ತಿ ನೋಡಿದರು. ಒತ್ತಿದಲ್ಲೆಲ್ಲ ರಾಮಕ್ಕ ಹಲ್ಲು ಕಚ್ಚಿದಳು.

"ಇದು ನಾ ಕಟ್ಟೂ ಎಲುಬಲ್ಲರೀ. ಎಲುಬಿನಾಗ ಸತ್ವ ಇಲ್ಲ. ಈಕಿ ಬಿಸಲು ಕಂಡು ಎಷ್ಟು ದಿನ ಆತ್ರೀ? ಮೈಬಣ್ಣ ನೋಡ್ರೀ, ಬೂದಿ ಆಗೇತಿ."

"ನೀವ್ ಮೂಳೆ ನೋಡಿ ಅಯ್ಯನವರೇ. ಬಿಸಿಲು ಗಿಸಿಲು ನಾನು ನೋಡ್ಕೋತೀನಿ" ಎಂದೆ.

ಅವರು ಬಿದಿರು ದಬ್ಬೆ ಇಟ್ಟು ಕೈ ಅಲುಗದಂತೆ ಬಟ್ಟೆ ಸುತ್ತಿ, "ಪ್ಯಾಟಿ ದವಾಖಾನಿಗೆ ಕರ್ಕೊಂಡು ಹೋಗ್ರಿ. ಇವತ್ತಽ ಹೋಗ್ರಿ" ಎಂದರು. ಆ ಮುದುಕರ ಮಾತು ಕೇಳಿದ ಗಳಿಗೆಯಲ್ಲೇ ನನಗೆ ಒಳಗೆ ಗೊತ್ತಾಯಿತು, ತಪ್ಪಿದ್ದೇನೆಂದು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಇಲ್ಲಿಂದ ಮುಂದಿನದು ತಿಳಿದೇ ಮಾಡಿದ್ದು.

ರೈಲಿನಲ್ಲಿ ಪೇಟೆಗೆ ಹೋದೆವು. ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಡಾಕ್ಟರ್ ಗೋಪೀನಾಥ ಎಂಬ ಹರೆಯದವರು. ರಾಮಕ್ಕನ ಕಣ್ಣು ನೋಡಿದರು, ನೀರು ನುಂಗಿಸಿ ಗಂಟಲು ಮುಟ್ಟಿದರು, ಕೈ ಚಾಚಿಸಿ ಬೆರಳ ಮೇಲೆ ಕಾಗದವಿಟ್ಟು ಅದು ನಡುಗುವುದನ್ನು ನೋಡಿದರು. ಎಕ್ಸ್‌ರೇ ತೆಗೆಸಿ ಕಿಟಕಿಗೆ ಹಿಡಿದು ನಮಗೂ ತೋರಿಸಿದರು. ಬೆಳ್ಳಗೆ ಕಾಣಬೇಕಾದ ಮೂಳೆ ಮಂಜಿನಲ್ಲಿ ಇಟ್ಟ ಹಾಗೆ ಮಸುಕಾಗಿತ್ತು.

"ಯಜಮಾನರೇ, ಗಂಟಲಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಮೈಯೆಂಬ ಒಲೆಗೆ ಸೌದೆ ಇಕ್ಕೋದು ಅದರ ಕೆಲಸ. ಇವರಲ್ಲಿ ಅದು ಹುಚ್ಚು ಹಿಡಿದ ಹಾಗೆ ಇಕ್ತಾ ಇದೆ. ತಿಂದದ್ದು ಸಾಲದೆ, ಮನೆಯ ತೊಲೆ ಜಂತೇನೇ ಕಿತ್ತು ಒಲೆಗೆ ಹಾಕಿದೆ. ಮೂಳೆ ಸವೆದಿರೋದು ಹಾಗೆ. ಮೊದಲು ಔಷಧಿ ಕೊಟ್ಟು ಅದನ್ನ ಪಳಗಿಸಿ, ಆಮೇಲೆ ಆಪರೇಷನ್ ಮಾಡಿ ಅರ್ಧಕ್ಕಿಂತ ಹೆಚ್ಚು ತೆಗೀಬೇಕು." ಆಮೇಲೆ ಅವರು ಎಕ್ಸ್‌ರೇಯನ್ನು ಮತ್ತೆ ನೋಡಿ ಹುಬ್ಬು ಗಂಟಿಕ್ಕಿದರು. "ಆದ್ರೆ ಬರೀ ಗ್ರಂಥಿಯಿಂದ ಇಷ್ಟು ಮೆತ್ತಗಾಗಿದೆಯಾ ಅಂತ ನನಗೆ ಅನುಮಾನ. ಬಿಸಿಲಲ್ಲಿ ಓಡಾಡ್ತೀರೇನಮ್ಮಾ? ಬಿಸಿಲು ಮೈಗೆ ಬಿದ್ರೆ ಚರ್ಮದಲ್ಲಿ ಡಿ ವಿಟಮಿನ್ ಅಂತ ಒಂದು ಸತ್ವ ಹುಟ್ಟುತ್ತೆ. ಅದಿಲ್ದೆ ಹೋದ್ರೆ ತಿಂದ ಸುಣ್ಣದ ಅಂಶ ಮೂಳೆಗೆ ಸೇರಲ್ಲ."

ರಾಮಕ್ಕ ನನ್ನ ಕಡೆ ನೋಡಿದಳು. ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು. ಆಮೇಲೆ ಡಾಕ್ಟರ ಕಡೆ ತಿರುಗಿ ನಕ್ಕಳು. "ಅಯ್ಯೋ ಸ್ವಾಮಿ, ಬೇಸಾಯದೋರು ನಾವು. ಹುಟ್ಟಿದಾಗಿಂದ ಬಿಸ್ಲಲ್ಲೇ ಒಣಗಿದೀವಿ."

"ಊಟ?"

"ಎಲ್ಲಾ ತಿಂತೀನಿ. ಮುದ್ದೆ, ಹುರುಳಿ ಸಾರು, ಮಜ್ಜಿಗೆ. ನಮ್ಮಣ್ಣಯ್ಯ ಯಾವ್ದಕ್ಕೂ ಕೊರತೆ ಮಾಡಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ಬಾಯಿ ತೆರೆಯಬೇಕಾದ ಹೊತ್ತು ಅದು. ನಾನು ಹೆಗಲ ಟವೆಲ್ಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರೇ, "ಸರಿ, ಹಳ್ಳಿಯವರಿಗೆ ಬಿಸಿಲಿಗೇನು ಬರ" ಎಂದು ಬರೆದುಕೊಂಡರು. ನನ್ನ ಭುಜ ತಟ್ಟಿ, "ಇಂಥ ಕಾಯಿಲೆಗೆ ದೆವ್ವ ಅಂತ ಹೊಡೆಸಿಬಿಡ್ತಾರೆ ಹಳ್ಳೀಲಿ. ನೀವು ಆಸ್ಪತ್ರೆಗೆ ತಂದಿರಿ. ಓದಿದ್ದೀರಾ?" ಎಂದರು.

"ನಾನಾಗೇ ಕಲ್ತದ್ದು ಸ್ವಾಮಿ" ಎಂದೆ. ತಂಗಿ ಸುಳ್ಳು ಹೇಳಿ ಮುಚ್ಚಿದ್ದರ ಮೇಲೆ ಕೂತು ನಾನು ಹೊಗಳಿಕೆ ಉಂಡೆ.

ಅವಳನ್ನು ಅಲ್ಲೇ ಮಲಗಿಸಿಕೊಂಡರು. ಕೈಗೆ ಗಾರೆ ಕಟ್ಟು, ಗುಳಿಗೆ, ಕೊನೆಗೆ ಅಯೋಡಿನ್ ಹನಿ. ಆರು ವಾರ ಹಾಸಿಗೆ ಬಿಟ್ಟು ಏಳಬಾರದೆಂದು ಕಟ್ಟು. ಆರು ಸಲ ನಾನು ರೈಲು ಹತ್ತಿ ಹೋದೆ. ಆರು ಸಲವೂ ಇವತ್ತು ಹೇಳಿಯೇ ಬಿಡುವುದೆಂದು ಕೆಂಗೇರಿಯಲ್ಲಿ ಹತ್ತುತ್ತಿದ್ದೆ, ಪೇಟೆಯಲ್ಲಿ ಇಳಿಯುವಷ್ಟರಲ್ಲಿ ಮಾತು ಒಳಗೆ ಇಳಿದುಹೋಗಿರುತ್ತಿತ್ತು. ಒಂದು ಸಲ ಡಾಕ್ಟರ ಕೋಣೆಯ ಬಾಗಿಲವರೆಗೂ ಹೋದೆ. ಅವರು ಜೊತೆಯ ಡಾಕ್ಟರಿಗೆ ನನ್ನನ್ನು ತೋರಿಸಿ, "ನಾನು ಹೇಳಿದ್ನಲ್ಲ, ತಾವೇ ಓದು ಕಲಿತ ರೈತರು, ಇವರೇ" ಎಂದರು. ಕೈಮುಗಿದು ಹಿಂದಕ್ಕೆ ಬಂದೆ.

ಐದನೇ ವಾರ ಅವಳನ್ನೇ ಕೇಳಿದೆ. "ರಾಮಿ, ಡಾಕ್ಟ್ರಿಗೆ ನಿಜ ಹೇಳ್ಬಿಡ್ಲಾ?"

"ಸುಮ್ಕಿರಣ್ಣಯ್ಯ. ಕೈ ನಡುಕ ನಿಂತದೆ, ಎದೆ ಬಡಿತ ನಿಂತದೆ. ಮೈಯೂ ಒಂಚೂರು ತುಂಬ್ಕೊಂಡದೆ ನೋಡು. ಈಗ್ಯಾಕೆ?"

ಅವಳು ಹೇಳಿದ್ದು ನಿಜವೇ. ನಾನೂ ಆ ಮಾತು ಅಲ್ಲಿಗೆ ಮುಗಿದರೆ ಸಾಕೆಂದು ಬಿಟ್ಟೆ.

ಆಪರೇಷನ್ ಚೆನ್ನಾಗಿ ಆಯಿತು. ಎರಡನೇ ದಿನ ಮಧ್ಯಾಹ್ನ ನಾನು, ಲಿಂಗಮ್ಮ, ಅಂಜಿನಯ್ಯ ಮೂವರೂ ಅವಳ ಮಂಚದ ಹತ್ತಿರ ಇದ್ದೆವು. ಕೊರಳಿಗೆ ಪಟ್ಟಿ ಸುತ್ತಿತ್ತು. "ತುಟಿ ಸುತ್ತ ಇರುವೆ ಹರಿದಂಗಾಗ್ತದೆ" ಎಂದು ಪಿಸುಗುಟ್ಟಿದಳು. ನೋಡುತ್ತಿದ್ದ ಹಾಗೆಯೇ ಅವಳ ಬಲಗೈ ಮಣಿಕಟ್ಟಿನಲ್ಲಿ ಬಾಗಿ, ಐದು ಬೆರಳೂ ಒಂದಕ್ಕೊಂದು ಸೇರಿ ಕೊಕ್ಕಿನ ಹಾಗೆ ಬಿಗಿದುಕೊಂಡವು. ಲಿಂಗಮ್ಮ ಬಿಡಿಸಲು ಹೋದರೆ ಬರಲಿಲ್ಲ. ಕಾಲ ಬೆರಳೂ ಸೆಟೆದವು. ಉಸಿರು ಎಳೆಯುವಾಗ ಗಂಟಲಲ್ಲಿ ಕೊಳವೆ ಊದಿದ ಸದ್ದು ಬಂತು.

ಡಾಕ್ಟರು ಓಡಿ ಬಂದರು. ನರಕ್ಕೆ ಸುಣ್ಣದ ಔಷಧಿ ಚುಚ್ಚಿದರು. ಗಳಿಗೆಯಲ್ಲಿ ಬೆರಳು ಸಡಿಲವಾದವು. ನಾವು ಉಸಿರು ಬಿಟ್ಟೆವು. ಒಂದು ತಾಸು ಕಳೆಯುವುದರಲ್ಲಿ ಮತ್ತೆ ಸೆಟೆದವು, ಮತ್ತೆ ಚುಚ್ಚಿದರು. ಮೂರನೇ ಸಲ ಡಾಕ್ಟರ ಹಣೆಯ ಮೇಲೆ ಬೆವರು ಮೂಡಿತ್ತು. ಆಪರೇಷನ್ ಮಾಡಿದ ಹಿರಿಯ ಡಾಕ್ಟರೂ ಬಂದು ನಿಂತಿದ್ದರು. ಗ್ರಂಥಿಯ ಹಿಂದಿರುವ, ರಕ್ತದ ಸುಣ್ಣ ಕಾಯುವ ಸಣ್ಣ ಕಾಳುಗಳಿಗೆ ಕತ್ತರಿ ತಗುಲಿತೋ ಏನೋ ಎಂದು ಅವರಿಬ್ಬರೂ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಆ ಹಿರಿಯರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

ತಪ್ಪು ಮಾಡದ ಮನುಷ್ಯ ತನ್ನ ಕೈಯನ್ನು ಹಾಗೆ ನೋಡಿಕೊಂಡದ್ದನ್ನು ಕಂಡು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಸ್ವಾಮಿ, ಅವಳು ಬಿಸಿಲು ನೋಡಿ ಎರಡೂವರೆ ವರ್ಷ ಆಯ್ತು" ಎಂದೆ.

ಮಂಚದ ಮೇಲಿಂದ ರಾಮಕ್ಕ ತಲೆ ಅಲ್ಲಾಡಿಸಿದಳು. ಬೇಡ ಎಂದು. ನಾನು ನಿಲ್ಲಿಸಲಿಲ್ಲ. ಹುಳುಮನೆ, ಗೋಣಿತಾಟು, ಬಿಡಿಸಿದ ಎಳ್ಳು, ಬಿಡಿಸಿದ ಮಜ್ಜಿಗೆ, ಎಲ್ಲ ಹೇಳಿದೆ. ಅವಳು ಸುಳ್ಳು ಹೇಳಿದ್ದು ನನ್ನ ಮಾನ ಉಳಿಸಲು, ನಾನು ಸುಮ್ಮನಿದ್ದದ್ದೂ ಅದಕ್ಕೇ ಎಂದೆ. ವಾರ್ಡಿನ ಹೆಂಗಸರೆಲ್ಲ ತಂತಮ್ಮ ಮಂಚದಿಂದ ಕೇಳುತ್ತಿದ್ದರು.

ಡಾಕ್ಟರ್ ಗೋಪೀನಾಥ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪೆನ್ನು ತೆಗೆದು ಕೇಳಿದರು. "ಎರಡೂವರೆ ವರ್ಷ ಪೂರ್ತಿ? ಒಂದು ದಿನವೂ ಇಲ್ಲ?"

"ಇಲ್ಲ."

"ಆ ಗ್ರಂಥಿ ಇಷ್ಟು ದಿನ ಮೂಳೆಯಿಂದ ಕದೀತಿತ್ತು. ಈಗ ಕಳ್ಳ ಹೋದ. ಬರಗೆಟ್ಟ ಮೂಳೆ ರಕ್ತದಲ್ಲಿರೋ ಸುಣ್ಣಾನೆಲ್ಲ ಒಂದೇ ಸಲ ಎಳ್ಕೋತಾ ಇದೆ. ಅದಕ್ಕೇ ಬೆರಳು ಸೆಟೆಯೋದು. ಡಿ ವಿಟಮಿನ್ ಇಲ್ದೆ ಇದ್ರಂತೂ ತಿನ್ನಿಸಿದ್ದೂ ಒಳಗೆ ಸೇರಲ್ಲ." ಬರೆಯುವುದನ್ನು ನಿಲ್ಲಿಸಿದರು. "ನನಗೆ ಆರು ವಾರ ಸಮಯ ಇತ್ತಲ್ಲ ಯಜಮಾನರೇ. ಮೀನೆಣ್ಣೆ, ಹಾಲು, ಸುಣ್ಣದ ಗುಳಿಗೆ ಕೊಟ್ಟು, ಮಂಚಾನ ಬಿಸಿಲಿಗೆ ಹಾಕಿಸಿ, ಮೂಳೆ ಹೊಟ್ಟೆ ತುಂಬಿಸಿ ಆಮೇಲೆ ಆಪರೇಷನ್ ಮಾಡಿಸ್ತಿದ್ದೆ. ಆರು ವಾರ ನೀವು ಬಂದು ಹೋದ್ರಲ್ಲ."

ಹನ್ನೊಂದು ದಿನ ಅವಳ ಮಂಚದ ಪಕ್ಕದಲ್ಲಿ ಸೂಜಿ ತಯಾರಿಟ್ಟುಕೊಂಡು ಕಾದರು. ಮೀನೆಣ್ಣೆ, ಹಾಲು, ಗುಳಿಗೆ. ಬೆಳಗಿನ ಬಿಸಿಲಿಗೆ ಮಂಚವನ್ನು ಜಗಲಿಗೆ ಎಳೆಸಿದರು. ಬೆರಳು ಸೆಟೆಯುವುದು ದಿನಕ್ಕೆ ಮೂರು ಸಲ ಇದ್ದದ್ದು ಒಂದಾಯಿತು, ಆಮೇಲೆ ನಿಂತಿತು. ರಾಮಕ್ಕ ಉಳಿದಳು. ಎಡಗೈ ಸ್ವಲ್ಪ ಸೊಟ್ಟಗೆ ಕೂಡಿತು. ಬೆನ್ನು ಗೂನಾಯಿತು. ನನ್ನ ಭುಜದೆತ್ತರಕ್ಕೆ ಇದ್ದವಳು ಎದೆಯೆತ್ತರಕ್ಕೆ ಇಳಿದಿದ್ದಳು. ಮೂಳೆ ಗಟ್ಟಿಯಾಗುತ್ತದೆ, ಬಾಗಿದ್ದು ನೆಟ್ಟಗಾಗುವುದಿಲ್ಲ ಎಂದರು ಡಾಕ್ಟರು.

ಮನೆಗೆ ಕಳಿಸುವ ದಿನ ಅಂಜಿನಯ್ಯ ಗಾಡಿ ಕಟ್ಟಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದ. ಹುಲ್ಲು ಹಾಸಿ ಹೆಂಡತಿಯನ್ನು ಎತ್ತಿ ಕೂರಿಸಿದ. ನಾನು ಏರಲು ಹೋದೆ.

"ಗಾಡಿ ಕೆಂಗೇರಿಗೆ ಹೋಗಲ್ಲ ಭಾವ. ರಾಜಾಜಿನಗರದಲ್ಲಿ ಒಂದು ಕೋಣೆ ನೋಡಿವ್ನಿ."

"ಅವಳನ್ನ ನೋಡ್ಕೊಳ್ಳೋರು ಯಾರಯ್ಯಾ ಅಲ್ಲಿ?"

ಅವನು ಎತ್ತಿನ ಹಗ್ಗ ಬಿಗಿಯುತ್ತಲೇ ಹೇಳಿದ. "ನೀವ್ ನೋಡ್ಕೊಂಡಿದ್ದು ಸಾಕು."

ಊರಿಗೆ ಒಬ್ಬನೇ ಬಂದೆ. ಕಟ್ಟೆಯ ಮೇಲೆ ಜನ ಕಾದಿದ್ದರು. "ಕೃಷ್ಣಯ್ಯನವರು ಇಲ್ದಿದ್ರೆ ಆ ಹೆಣ್ಣುಮಗಳು ಗಾಳಿ ಬಿಡ್ಸೋನ ಕೈಲೇ ಸಾಯ್ತಿದ್ಲು" ಎಂದು ಊರಿನ ಹಿರಿಯ ದೊಡ್ಡಣ್ಣ ನನಗೆ ಜಾಗ ಬಿಟ್ಟುಕೊಟ್ಟ. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಅವಳ ಕಾಯಿಲೆ ಉಷ್ಣವಲ್ಲ, ನಾನು ತಿಳಿಯದೆ ಬಿಸಿಲು ತಪ್ಪಿಸಿ, ಊಟ ತಪ್ಪಿಸಿ, ಮೂಳೆ ಕರಗಿಸಿದೆ, ತಪ್ಪು ನನ್ನದು ಎಂದೆ.

ದೊಡ್ಡಣ್ಣ ಕಣ್ಣೊರೆಸಿಕೊಂಡ. "ನೋಡ್ರಪ್ಪಾ ದೊಡ್ಡತನ ಅಂದ್ರೆ! ತಂಗೀನ ಉಳ್ಸಿ ಬಂದು, ತಪ್ಪು ನಂದೇ ಅಂತಾರೆ. ತಿಳೀದೆ ಆದದ್ದಕ್ಕೆ ಯಾರೇನ್ ಮಾಡ್ತಾರೆ ಬಿಡಿ." ಮಾರನೇ ದಿನವೇ ಒಬ್ಬಳು ಕೆಮ್ಮುವ ಮಗಳನ್ನು ಕರೆದುಕೊಂಡು ನನ್ನ ಜಗಲಿಗೆ ಬಂದಳು. ಆಸ್ಪತ್ರೆಗೆ ಹೋಗಿ ಎಂದು ಕಳಿಸಿದೆ. ಅದಕ್ಕೂ ಹೊಗಳಿದರು.

ಮೂರು ತಿಂಗಳು ಬಿಟ್ಟು ರಾಜಾಜಿನಗರಕ್ಕೆ ಹೋದೆ. ಮರವಿಲ್ಲದ ಬಯಲು, ಅಳತೆಯ ಕಲ್ಲು, ಅಲ್ಲೊಂದು ಇಲ್ಲೊಂದು ಮನೆ. ರಾಮಕ್ಕ ಬಾಗಿಲ ಮುಂದೆ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುಖ ಕಪ್ಪಾಗಿ, ಕೆನ್ನೆ ತುಂಬಿತ್ತು. ನನ್ನನ್ನು ಕಂಡು ಕೋಲು ಊರಿ ಎದ್ದಳು. ಗೋಡೆ ಹಿಡಿಯಲಿಲ್ಲ.

"ಯಾಕೆ ಸುಳ್ಳು ಹೇಳ್ದೆ ರಾಮಿ, ಅವತ್ತು?" ಎಂದು ಕೇಳಿದೆ.

"ನಿನ್ ಎದುರಿಗೇ ನಿನ್ ಮಾತು ತಪ್ಪು ಅಂತ ಹೆಂಗ್ ಹೇಳ್ಲಿ ಅಣ್ಣಯ್ಯ? ನೀನ್ ಹೇಳ್ತೀಯ ಅಂದ್ಕೊಂಡಿದ್ದೆ." ಒಂದು ಕಾಯಿ ಸುಲಿದು ಕಾಳು ಮೊರಕ್ಕೆ ಹಾಕಿದಳು. "ಎರಡನೇ ವರ್ಷಕ್ಕೇ ನಂಗೆ ಗೊತ್ತಾಗಿತ್ತು, ಬಿಸಿಲು ಬೇಕು ಅಂತ. ಮೈಯೇ ಕೇಳ್ತಿತ್ತು."

ಅಂಜಿನಯ್ಯ ಎತ್ತಿಗೆ ನೀರು ಕುಡಿಸಿ ಬಂದ. ನನಗೊಂದು ಚೊಂಬು ನೀರು ತಂದಿಟ್ಟ. "ಊರಲ್ಲಿ ಹೇಳಿದ್ರಂತೆ?"

"ಹೇಳ್ದೆ. ಯಾರೂ ನಂಬಲಿಲ್ಲ. ದೊಡ್ಡತನ ಅಂತಾರೆ."

"ಏನೇನ್ ಹೇಳಿದ್ರಿ?"

ಹೇಳಿದೆ. ಉಷ್ಣ, ಹುಳುಮನೆ, ಎಳ್ಳು, ಮಜ್ಜಿಗೆ.

"ಆರು ವಾರ ಬಾಯಿ ಮುಚ್ಕೊಂಡಿದ್ದು ಹೇಳಿದ್ರಾ?"

ನಾನು ಕೈಗೆತ್ತಿಕೊಂಡಿದ್ದ ಚೊಂಬು ಕೆಳಗಿಟ್ಟೆ. ಹೇಳಿರಲಿಲ್ಲ. ತಿಳಿಯದೆ ಮಾಡಿದ ತಪ್ಪನ್ನು ಊರ ಮುಂದೆ ಎತ್ತಿ ಹಿಡಿದು, ತಿಳಿದು ಮಾಡಿದ್ದನ್ನು ಅದರ ಹಿಂದೆ ಬಚ್ಚಿಟ್ಟಿದ್ದೆ. ಬಚ್ಚಿಟ್ಟೆನೆಂದು ನನಗೇ ಹೊಳೆದಿರಲಿಲ್ಲ. ಗಾಡಿ ಹೊಡೆಯುವವನು, ಒಂದಕ್ಷರ ಓದದವನು, ಎತ್ತಿ ತೋರಿಸಿದ.

ಆ ಸಂಜೆಯೇ ಊರಿಗೆ ಬಂದು ಕಟ್ಟೆಯ ಹತ್ತಿರ ಹೋದೆ. ಆರೇಳು ಜನ ಇದ್ದರು. ರೇವಣಸಿದ್ದಯ್ಯನವರು ಕೇಳಿದ್ದನ್ನು ಹೇಳಿದೆ. ಡಾಕ್ಟರು ನನ್ನ ಮುಖ ನೋಡಿದಾಗ ನಾನು ಸುಮ್ಮನೆ ನಿಂತದ್ದು, ಅವರ ಹೊಗಳಿಕೆಗೆ ಕೈಮುಗಿದದ್ದು, ಆರು ಸಲ ರೈಲು ಹತ್ತಿ ಇಳಿದದ್ದು, ತಂಗಿಯ ಬೆರಳು ಸೆಟೆದದ್ದು, ಬೇರೆಯವರು ತಮ್ಮ ಕೈಯನ್ನು ಅನುಮಾನಿಸಿಕೊಂಡದ್ದು, ಒಂದನ್ನೂ ಬಿಡದೆ ಹೇಳಿದೆ.

ಯಾರೂ ದೊಡ್ಡತನವೆನ್ನಲಿಲ್ಲ. ದೊಡ್ಡಣ್ಣ ಬಾಯಿಯ ಎಲೆ ಉಗಿದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ತಿರುಗದೆ ಎದ್ದು ಹೋದ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು.